ಪೆನ್ನಿನ ಒತ್ತಡ ಲಿನಕ್ಸಿಗೆ ತಿಳಿದ ಬಗೆ

2020ರ ಮಾರ್ಚ್ ಕೊನೆಯ ವಾರದಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತವು. ಜೂನ್ ಮಧ್ಯದಲ್ಲಿ ಅಗತ್ಯ ಸೇವೆಯವರಿಗಾಗಿ ಕೆಲವು ಗಾಡಿಗಳು ಓಡತೊಡಗಿದವು. ಸಾಮಾನ್ಯ ಪ್ರಯಾಣಿಕರು ಗೊತ್ತುಪಡಿಸಿದ ಹೊತ್ತಿನಲ್ಲಿ ಮತ್ತೆ ಹತ್ತಲು ಸಾಧ್ಯವಾದದ್ದು 2021ರ ಫೆಬ್ರವರಿ 1ರಿಂದ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಊರುಗಳ ದಿನಚರಿ ರೈಲಿನ ಗಂಟೆಗೆ ಹೊಂದಿಕೊಂಡದ್ದು. ರೈಲು ನಿಂತಾಗ ಕಚೇರಿ, ಶಾಲೆ, ಟ್ಯೂಷನ್ ಕ್ಲಾಸು ಎಲ್ಲವೂ ಒಂದೆರಡು ಕೋಣೆಗಳ ಮನೆಯೊಳಗೇ ಬಂದವು.

ಮನೆಯಿಂದಲೇ ಪಾಠ ಮಾಡತೊಡಗಿದವರಿಗೆ ಮೊದಲು ಕಾಡಿದ್ದು ಕರಿಹಲಗೆಯ ಕೊರತೆ. ಮಾತನ್ನು ಮೈಕು ಒಯ್ಯುತ್ತದೆ, ಮುಖವನ್ನು ಕ್ಯಾಮೆರಾ ತೋರಿಸುತ್ತದೆ. ಆದರೆ ಭಿನ್ನರಾಶಿಯನ್ನು ಬಿಡಿಸುವುದು, ತ್ರಿಭುಜಕ್ಕೆ ಲಂಬ ಎಳೆಯುವುದು, 'ಳ' ಅಕ್ಷರವನ್ನು ಎಲ್ಲಿ ಶುರು ಮಾಡಿ ಎಲ್ಲಿ ತಿರುಗಿಸಬೇಕೆಂದು ತೋರಿಸುವುದು ಕೀಲಿಮಣೆಯ ಕೆಲಸವಲ್ಲ, ಮೌಸ್‌ನದಂತೂ ಅಲ್ಲವೇ ಅಲ್ಲ. ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತಿದ್ದ ಡ್ರಾಯಿಂಗ್ ಟ್ಯಾಬ್ಲೆಟ್, ಅಂದರೆ ಯುಎಸ್‌ಬಿ ತಂತಿಯ ಒಂದು ತೆಳು ಹಲಗೆ ಮತ್ತು ಒಂದು ಪೆನ್ನು, ಆಗ ಚಿತ್ರಕಾರರ ಕೋಣೆಯಿಂದ ಮೇಷ್ಟರ ಮೇಜಿಗೆ ಬಂತು.

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತಿದ್ದವು: ವಿಂಡೋಸ್, ಮ್ಯಾಕ್. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಜೀವ ಕೊಟ್ಟುಕೊಂಡವರು ತಂತಿ ಚುಚ್ಚಿದಾಗ ಮೂರರಲ್ಲಿ ಒಂದು ಆಗುತ್ತಿತ್ತು. ಏನೂ ಆಗದಿರಬಹುದು. ಬಾಣದ ಗುರುತು ಓಡಾಡಿದರೂ ಹಗುರವಾಗಿ ಒತ್ತಿದರೂ ಜೋರಾಗಿ ಒತ್ತಿದರೂ ಗೆರೆ ಒಂದೇ ದಪ್ಪ ಇರಬಹುದು. ಇಲ್ಲವೇ ಎಲ್ಲವೂ ಸರಿಯಾಗಿ ನಡೆಯಬಹುದು. ಮೂರನೆಯದು ತಾನಾಗಿ ಆಗುವಂಥದ್ದಲ್ಲ. ಅದರ ಹಿಂದೆ ಮೂರು ದಶಕಗಳ ಕೆಲಸವಿದೆ. ನಮ್ಮ ದೇಶದಲ್ಲೇ ನಡೆದು ಪೂರ್ತಿ ದಡ ಸೇರದೆ ಹೋದ ಎರಡು ಪ್ರಯತ್ನಗಳೂ ಆ ಕಥೆಯ ಭಾಗ.

ಹಲಗೆ ಮತ್ತು ಕಡ್ಡಿ

ಕೈಬರಹವನ್ನು ತಂತಿಯ ಮೂಲಕ ಕಳಿಸುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಟೆಲಿಫೋನಿನ ಪೇಟೆಂಟಿಗಾಗಿ ಗ್ರಹಾಂ ಬೆಲ್ ಜತೆ ಸ್ಪರ್ಧಿಸಿ ಸೋತ ಎಲಿಷಾ ಗ್ರೇ 1888ರಲ್ಲಿ ಟೆಲಾಟೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಇಲ್ಲಿ ಬರೆದರೆ ಅಲ್ಲಿನ ಪೆನ್ನು ಅದೇ ಗೆರೆ ಎಳೆಯುತ್ತಿತ್ತು. ಕಂಪ್ಯೂಟರಿಗೆ ಜೋಡಿಸುವ ಹಲಗೆಗಳಲ್ಲಿ ಹೆಸರು ಮಾಡಿದ್ದು 1964ರ ರ‍್ಯಾಂಡ್ ಟ್ಯಾಬ್ಲೆಟ್. ಹತ್ತು ಇಂಚು ಉದ್ದ, ಹತ್ತು ಇಂಚು ಅಗಲದ ಹಲಗೆಯೊಳಗೆ ಇಂಚಿಗೆ ನೂರರಂತೆ ತಾಮ್ರದ ಸೂಕ್ಷ್ಮ ಗೆರೆಗಳು. ಬೆಲೆ 18,000 ಡಾಲರ್.

ಜಪಾನಿನಲ್ಲಿ 1983ರಲ್ಲಿ ಆರಂಭವಾದ ವೇಕಮ್ ಕಂಪನಿ ಪೆನ್ನಿನಿಂದ ತಂತಿಯನ್ನೂ ಬ್ಯಾಟರಿಯನ್ನೂ ತೆಗೆದುಹಾಕಿತು. ಹಲಗೆಯೊಳಗಿನ ತಂತಿಸುರುಳಿಗಳು ವಿದ್ಯುತ್ಕಾಂತೀಯ ಅಲೆಗಳನ್ನು ಹೊರಡಿಸುತ್ತವೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಮರುದನಿ ಕೊಡುತ್ತದೆ. ಮೊನೆಯನ್ನು ಒತ್ತಿದರೆ ಆ ಮರುದನಿಯ ಕಂಪನ ಸ್ವಲ್ಪ ಬದಲಾಗುತ್ತದೆ. ಆ ಸಣ್ಣ ಬದಲಾವಣೆಯೇ 'ಒತ್ತಡ'.

ಹೀಗೆ ಟ್ಯಾಬ್ಲೆಟ್ ಕ್ಷಣಕ್ಷಣಕ್ಕೂ ಕಂಪ್ಯೂಟರಿಗೆ ಕಳಿಸುವುದು ಕೆಲವು ಸಂಖ್ಯೆಗಳನ್ನು ಮಾತ್ರ: ಅಡ್ಡ ಎಷ್ಟು, ಉದ್ದ ಎಷ್ಟು, ಒತ್ತಡ ಎಷ್ಟು, ಕೆಲವದರಲ್ಲಿ ಪೆನ್ನು ಎಷ್ಟು ವಾಲಿದೆ. ಯಾವ ಸಂಖ್ಯೆ ಯಾವುದೆಂದು ತಿಳಿಸುವ ತುಣುಕು ತಂತ್ರಾಂಶವೇ ಡ್ರೈವರ್. ಅದಿಲ್ಲದಿದ್ದರೆ ಗೆರೆ ಮೂಡಿದರೂ ಅದರಲ್ಲಿ ಕೈ ಇರುವುದಿಲ್ಲ.

ಲಿನಕ್ಸಿನ ಮೊದಲ ಪೆನ್ನು

1991ರಲ್ಲಿ ಹುಟ್ಟಿದ ಲಿನಕ್ಸಿನಲ್ಲಿ ಪರದೆಯ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಎಕ್ಸ್ ವಿಂಡೋ ವ್ಯವಸ್ಥೆ. 1990ರ ದಶಕದ ನಡುವಿನಲ್ಲಿ ಫ್ರೆಡೆರಿಕ್ ಲೆಪಿಯೆ ವೇಕಮ್ ಟ್ಯಾಬ್ಲೆಟ್‌ಗಳಿಗಾಗಿ ಅದಕ್ಕೊಂದು ಡ್ರೈವರ್ ಬರೆದ. ಆಗ ಟ್ಯಾಬ್ಲೆಟ್ ಸೇರುತ್ತಿದ್ದದ್ದು ಸೀರಿಯಲ್ ಪೋರ್ಟಿಗೆ. ಬಳಸುವವನು ಒಂದು ಕಡತ ತೆರೆದು ಪೆನ್ನು, ರಬ್ಬರ್, ಬಾಣ ಎಂದು ಬೇರೆ ಬೇರೆ ಸಾಲುಗಳನ್ನು ಕೈಯಾರೆ ಬರೆಯಬೇಕಿತ್ತು. ಒಂದು ಆವರಣ ಚಿಹ್ನೆ ತಪ್ಪಿದರೆ ಪೆನ್ನಿರಲಿ, ಇಡೀ ಪರದೆಯೇ ಬರುತ್ತಿರಲಿಲ್ಲ.

2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಕರ್ನೆಲ್ ಯುಎಸ್‌ಬಿಯನ್ನು ಗಟ್ಟಿಯಾಗಿ ಕೈಗೆತ್ತಿಕೊಂಡಿತು. ವೋಯ್ತೆಕ್ ಪಾವ್ಲಿಕ್ ಬರೆದ ಯುಎಸ್‌ಬಿ ವೇಕಮ್ ಡ್ರೈವರ್ ಕರ್ನೆಲಿನೊಳಗೇ ಸೇರಿತು. ಜಾನ್ ಜೊಗಾನಿಕ್ ಆರಂಭಿಸಿದ ಲಿನಕ್ಸ್ ವೇಕಮ್ ಯೋಜನೆಯನ್ನು ಮುಂದೆ ಪಿಂಗ್ ಚೆಂಗ್ ನೋಡಿಕೊಂಡರು. ಅವರು ವೇಕಮ್ ಕಂಪನಿಯ ಉದ್ಯೋಗಿ. ತಯಾರಕರೇ ತಮ್ಮ ಸಾಧನದ ಒಳಗುಟ್ಟನ್ನು ಮುಕ್ತ ಕೋಡಿನಲ್ಲಿ ಇಟ್ಟದ್ದರಿಂದ ಲಿನಕ್ಸಿನಲ್ಲಿ ಚಿತ್ರ ಬರೆಯುವವರಿಗೆ ಒಂದು ನಂಬಿಕೆಯ ದಾರಿ ಸಿಕ್ಕಿತು: ವೇಕಮ್ ಕೊಂಡರೆ ನಡೆಯುತ್ತದೆ.

ಆ ದಾರಿಗೆ ಒಂದೇ ತೊಡಕು, ಬೆಲೆ. ನಮ್ಮ ಮಧ್ಯಮ ವರ್ಗದ ಮನೆಗೆ ಅದು ಸುಲಭದ ಖರ್ಚಾಗಿರಲಿಲ್ಲ. ಅಗ್ಗದ ಕಂಪ್ಯೂಟರಿಗೆ ಪೆನ್ನು ಸೇರಿಸುವ ಯೋಚನೆ ಇಲ್ಲಿ ಬೇರೆ ದಿಕ್ಕಿನಿಂದ ಬಂತು.

ಸಿದ್ಧ ಅಕ್ಷರ, ಬರೆಯುವ ಅಕ್ಷರ

ಭಾರತೀಯ ಭಾಷೆಗಳು ಕಂಪ್ಯೂಟರಿಗೆ ಬಂದದ್ದು ಹೆಚ್ಚಾಗಿ ಕೀಲಿಮಣೆಯ ಬಾಗಿಲಿನಿಂದ. ಕನ್ನಡದ ಮಟ್ಟಿಗೆ ಇದರಲ್ಲಿ ದೊಡ್ಡ ಹೆಸರು ಕೆ.ಪಿ. ರಾವ್ ಅವರದು. ಬದುಕಿನ ಕೆಲವು ವರ್ಷ ಮುಂಬಯಿಯಲ್ಲೇ ದುಡಿದ ಅವರು, ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡದ ಧ್ವನಿಗಳನ್ನು ಹೊಂದಿಸಿದ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಇಂದಿನ ಕನ್ನಡ ಟೈಪಿಂಗಿನ ಬಹುಪಾಲು ಆ ಔದಾರ್ಯದ ಮೇಲೆ ನಿಂತಿದೆ.

ಪರದೆಯ ಕಡೆಯ ಕೆಲಸಕ್ಕೆ ಮುಂಬಯಿ ಒಂದು ಕೇಂದ್ರವಾಗಿತ್ತು. 1985ರಲ್ಲಿ ಎಸ್. ರಮಣಿ ಅವರ ನೇತೃತ್ವದಲ್ಲಿ ರೂಪುಗೊಂಡ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಅಂದರೆ ಎನ್‌ಸಿಎಸ್‌ಟಿ, ಜುಹುವಿನಲ್ಲಿತ್ತು. ನವಿ ಮುಂಬಯಿಯ ಖಾರ್ಘರಿನಲ್ಲೂ ಅದರ ಆವರಣ ಇತ್ತು. ಮುಂದೆ ಅದು ಸಿ-ಡ್ಯಾಕ್ ಸಂಸ್ಥೆಯಲ್ಲಿ ಸೇರಿಹೋಯಿತು. ಲಿನಕ್ಸಿನ ಎಕ್ಸ್ ವಿಂಡೋ ಮಟ್ಟದಲ್ಲೇ ಭಾರತೀಯ ಲಿಪಿಗಳು ಸರಿಯಾಗಿ ಮೂಡುವಂತೆ ಮಾಡುವ ಇಂಡಿಕ್ಸ್ ಯೋಜನೆಯನ್ನು ಕೈಗೊಂಡದ್ದು ಈ ಕೇಂದ್ರ. ಪೊವಾಯಿಯ ಐಐಟಿಯಲ್ಲಿ ಕಲಿಸಿದ್ದ ಸುಲೇಖನಕಾರ ಆರ್.ಕೆ. ಜೋಶಿ ಇಲ್ಲಿ ಅಕ್ಷರ ವಿನ್ಯಾಸಕರಾಗಿದ್ದರು. ಮೈಕ್ರೋಸಾಫ್ಟಿನ ಮಂಗಲ್ ದೇವನಾಗರಿ ಫಾಂಟ್ ಅವರ ಕೈಯದು. ಜೀವನವಿಡೀ ಕುಂಚ ಹಿಡಿದ ಕೈ ಕಂಪ್ಯೂಟರಿಗೆ ಅಕ್ಷರ ಕೊಟ್ಟಿತು.

ಆದರೆ ಫಾಂಟ್ ತೋರಿಸುವುದು ಬರೆದು ಮುಗಿದ ಅಕ್ಷರವನ್ನು. ಕಲಿಯುವ ಮಗುವಿಗೆ ಬೇಕಾದದ್ದು ಅಕ್ಷರ ಆಗುವ ಬಗೆ: ಎಲ್ಲಿ ಆರಂಭ, ಎಲ್ಲಿ ಹೊರಳು, ಎಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ಕೀಲಿ ಒತ್ತಿದರೆ 'ಕ್ಷ' ಒಮ್ಮೆಗೇ ಬಂದು ಕೂರುತ್ತದೆ. ಮೇಷ್ಟರ ಕೈ ಅದರಲ್ಲಿ ಕಾಣುವುದಿಲ್ಲ. ಪೆನ್ನಿನ ಅಗತ್ಯ ಉಳಿದದ್ದು ಇಲ್ಲಿ.

ಬೆಂಗಳೂರಿನ ಸಿಂಪ್ಯೂಟರ್

ಆ ಅಗತ್ಯವನ್ನು ನೇರವಾಗಿ ಎದುರಿಸಿದ ಯಂತ್ರ ಬೆಂಗಳೂರಿನಲ್ಲಿ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರ ಜತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲಿನಲ್ಲಿ ಮೊದಲ ಮಾದರಿ ಹೊರಬಂತು. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, 206 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, 320 ಮತ್ತು 240 ಚುಕ್ಕೆಗಳ ಪರದೆ. ಕೀಲಿಮಣೆ ಇಲ್ಲ. ಅದರ ಜಾಗದಲ್ಲಿ ಒಂದು ಕಡ್ಡಿ.

ಓದು ಬರಹ ಬಾರದವರೂ ಬಳಸುವಂತಿರಬೇಕು ಎಂಬುದು ಸಿಂಪ್ಯೂಟರಿನ ಗುರಿ. ಬರಹವನ್ನು ಓದಿಹೇಳುವ ಧ್ವನಿ ತಂತ್ರಾಂಶ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಬೆರೆಯದಂತೆ ಸ್ಮಾರ್ಟ್ ಕಾರ್ಡ್, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳುವ ಯೋಚನೆ ಎಲ್ಲವೂ ಇದ್ದವು. ಯಂತ್ರದ ನಕ್ಷೆಗೇ ಒಂದು ಸಾರ್ವಜನಿಕ ಪರವಾನಗಿ ರಚಿಸಿದ್ದು ಅಪರೂಪದ ಹೆಜ್ಜೆ. ಪಿಕೋಪೆಟಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಜತೆ ಸೇರಿ 2004ರಲ್ಲಿ ಅಮಿಡಾ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಪರದೆಯ ಮೇಲೆ ಕಡ್ಡಿಯಿಂದ ಗೀಚಿದ್ದನ್ನು ಹಾಗೆಯೇ ಇಮೇಲ್ ಮಾಡುವ ಅನುಕೂಲ ಅದರಲ್ಲಿತ್ತು. ಕನ್ನಡ ಬರೆಯಲು ಕನ್ನಡ ಫಾಂಟೂ ಬೇಡ, ಕೈ ಸಾಕು. ಕರ್ನಾಟಕ ಸರ್ಕಾರ ಜಮೀನು ದಾಖಲೆಯ ಕೆಲಸದಲ್ಲಿ ಇದನ್ನು ಬಳಸಿ ನೋಡಿತು.

ಸಿಂಪ್ಯೂಟರಿನಲ್ಲಿ ಪೆನ್ನು ಕೆಲಸ ಮಾಡಿತು. ಮಾರುಕಟ್ಟೆ ಕೆಲಸ ಮಾಡಲಿಲ್ಲ. ಆರಂಭದ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಬಂದು ನಿಂತಿತು. ಬಣ್ಣದ ಪರದೆಯದಕ್ಕೆ ಇನ್ನೂ ಹೆಚ್ಚು. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತ ಬಂದಿತ್ತು. ಮಾರಾಟ ಕೆಲವೇ ಸಾವಿರಗಳನ್ನು ದಾಟಲಿಲ್ಲ. ಮುಂದೆ ಮುಂಬಯಿಯ ಜಿಯೋಡೆಸಿಕ್ ಕಂಪನಿ ಪಿಕೋಪೆಟಾವನ್ನು ಕೊಂಡಿತು. ಜನರ ಕಂಪ್ಯೂಟರ್ ಎಂಬ ಕನಸು ಅಲ್ಲಿಗೆ ತಣ್ಣಗಾಯಿತು. ಆ ಪೆನ್ನು ಆ ಯಂತ್ರದ್ದೇ ಆಗಿತ್ತು. ಯಂತ್ರ ಇಲ್ಲವಾದಾಗ ಪೆನ್ನೂ ಇಲ್ಲವಾಯಿತು.

ಧನಗರವಾಡಾದ ಹಸಿರು ಲ್ಯಾಪ್‌ಟಾಪ್

ಎರಡನೆಯ ಪ್ರಯತ್ನ ಅಮೆರಿಕದಿಂದ ಬಂತು. ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಮುಂದಾಳುತನದ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ ಹಸಿರು ಬಿಳಿ ಯಂತ್ರ ಎಕ್ಸ್‌ಒ. ಒಳಗೆ ಲಿನಕ್ಸ್, ಮೇಲೆ ಶುಗರ್ ಎಂಬ ಮಕ್ಕಳ ಪರಿಸರ. ಭಾರತ ಸರ್ಕಾರದ ಶಿಕ್ಷಣ ಇಲಾಖೆ 2006ರಲ್ಲೇ ಈ ಯೋಜನೆಯನ್ನು ಒಪ್ಪಲಿಲ್ಲ. ಶಾಲೆಗೆ ಮೊದಲು ಬೇಕಾದದ್ದು ಕೋಣೆ ಮತ್ತು ಶಿಕ್ಷಕರು ಎಂಬುದು ಅದರ ನಿಲುವು. ಆದರೂ 2007ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ನಡೆದ ಊರು ನವಿ ಮುಂಬಯಿಗೆ ತಾಗಿದ ರಾಯಗಡ ಜಿಲ್ಲೆಯ ಖೈರಾತ್ ಧನಗರವಾಡಾ. ಕುರಿ ಕಾಯುವವರ ಹಾಡಿ ಎಂಬುದು ಹೆಸರಿನಲ್ಲೇ ಇದೆ. ಒಬ್ಬರೇ ಶಿಕ್ಷಕರ, ಇಪ್ಪತ್ತರ ಆಸುಪಾಸಿನ ಮಕ್ಕಳ ಮರಾಠಿ ಶಾಲೆ.

ಎಕ್ಸ್‌ಒ ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ಯಂತ್ರದ ಅಗಲಕ್ಕೂ ಚಾಚಿದ ಒಂದು ಪಟ್ಟಿ ಇತ್ತು. ನಡುವಿನ ಮೂರನೆಯ ಒಂದು ಭಾಗ ಬೆರಳಿಗೆ, ಎಂದಿನ ಟಚ್‌ಪ್ಯಾಡ್‌ನಂತೆ. ಇಡೀ ಅಗಲ ಕಡ್ಡಿಗೆ. ಕಡ್ಡಿಯ ಒತ್ತನ್ನೇ ಗ್ರಹಿಸುವ ಪದರವಾದ್ದರಿಂದ ವಿಶೇಷ ಪೆನ್ನೂ ಬೇಕಿರಲಿಲ್ಲ. ಮಗು ಅಲ್ಲಿ ಅಕ್ಷರ ತಿದ್ದಬಹುದು, ಚಿತ್ರ ಬರೆಯಬಹುದು ಎಂಬುದು ವಿನ್ಯಾಸಕರ ಉದ್ದೇಶ. ಸ್ಲೇಟು ಬಳಪ ಬಲ್ಲ ನಮ್ಮ ಶಾಲೆಗಳಿಗೆ ಇದಕ್ಕಿಂತ ಒಪ್ಪುವ ಯೋಚನೆ ಬೇರೆ ಇರಲಿಲ್ಲ.

ಆದರೆ ಆ ಪಟ್ಟಿ ನೆಟ್ಟಗಿರಲಿಲ್ಲ. ಬಾಣದ ಗುರುತು ಇದ್ದಕ್ಕಿದ್ದಂತೆ ಪರದೆಯ ಮೂಲೆಗೆ ಹಾರುತ್ತಿತ್ತು. ಮತ್ತೆ ಹದಕ್ಕೆ ತರಲು ಕೀಲಿಮಣೆಯ ನಾಲ್ಕು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಬಳಸುವವರು ಅದನ್ನು ನಾಲ್ಕು ಬೆರಳಿನ ಸಲಾಮು ಎಂದು ಕರೆದರು. ಲಿನಕ್ಸ್ ಕರ್ನೆಲಿನಲ್ಲಿ ಈ ಪಟ್ಟಿಗೆಂದೇ ಡ್ರೈವರ್ ಬಂತು. ಅದರ ದೊಡ್ಡ ಭಾಗ ಈ ಹಾರಾಟವನ್ನು ಹತೋಟಿಗೆ ತರುವ ಉಪಾಯಗಳೇ. ಬೆರಳನ್ನು ಸಂಭಾಳಿಸುವುದರಲ್ಲೇ ಶ್ರಮ ಸವೆದು ಕಡ್ಡಿಯ ಸರದಿ ಮಕ್ಕಳ ಕೈಗೆ ಪೂರ್ತಿಯಾಗಿ ಬರಲೇ ಇಲ್ಲ. ನಂತರದ ಎಕ್ಸ್‌ಒ ಯಂತ್ರಗಳಲ್ಲಿ ಅಗಲದ ಪಟ್ಟಿಯನ್ನೇ ತೆಗೆದುಹಾಕಿ ಸಾಮಾನ್ಯ ಟಚ್‌ಪ್ಯಾಡ್ ಕೂರಿಸಿದರು.

ಸಿಂಪ್ಯೂಟರಿನಲ್ಲಿ ಪೆನ್ನು ಸರಿಯಿತ್ತು, ಕೊಳ್ಳುವ ಕೈಗಳಿರಲಿಲ್ಲ. ಎಕ್ಸ್‌ಒ ಮಕ್ಕಳ ಕೈಗೆ ಬಂತು, ಪೆನ್ನಿನ ಹಲಗೆ ಸರಿಯಿರಲಿಲ್ಲ. ಎರಡೂ ಲಿನಕ್ಸ್ ಯಂತ್ರಗಳೇ, ಎರಡರ ಕನಸೂ ದೊಡ್ಡದೇ. ಕೊನೆಗೆ ಸಾಮಾನ್ಯರ ಲಿನಕ್ಸಿಗೆ ಪೆನ್ನು ತಂದದ್ದು ಇಷ್ಟು ದೊಡ್ಡ ಯೋಜನೆಯಲ್ಲ, ಒಂದು ರಿಪೇರಿಯ ಕೆಲಸ.

ನೂರನೆಯ ಪ್ರಶ್ನೆ

2000ದ ದಶಕದ ಕೊನೆಗೆ ತೈವಾನಿನ ಯುಸಿ-ಲಾಜಿಕ್ ಮೊದಲಾದ ಕಂಪನಿಗಳ ತಂತ್ರ ಬಳಸಿ ಅಗ್ಗದ ಟ್ಯಾಬ್ಲೆಟ್‌ಗಳು ಹಲವು ಹೆಸರುಗಳಲ್ಲಿ ಬರತೊಡಗಿದವು. ಆಮೇಲೆ ಚೀನಾದ ಹುಯಿಯಾನ್, ಎಕ್ಸ್‌ಪಿ-ಪೆನ್ ಬಂದವು. ಇವುಗಳಿಗೆ ಆಗ ಲಿನಕ್ಸ್ ಡ್ರೈವರ್ ಇರಲಿಲ್ಲ. ನಿಕೊಲಾಯ್ ಕೊಂಡ್ರಾಶೊವ್ ಎಂಬ ಪ್ರೋಗ್ರಾಮರ್ ಡಿಜಿಮೆಂಡ್ ಎಂಬ ಯೋಜನೆ ಕಟ್ಟಿದರು. ಹೆಸರೇ ಹೇಳುವಂತೆ ಡಿಜಿಟೈಸರ್‌ಗಳನ್ನು ದುರಸ್ತಿ ಮಾಡುವುದು ಅದರ ಕೆಲಸ.

ಯುಎಸ್‌ಬಿ ಸಾಧನವನ್ನು ಚುಚ್ಚಿದಾಗ ಅದು ತನ್ನ ಪರಿಚಯ ಹೇಳಿಕೊಳ್ಳಬೇಕು: ಇಂಥ ಸಂಖ್ಯೆಗಳನ್ನು ಈ ಕ್ರಮದಲ್ಲಿ ಕಳಿಸುತ್ತೇನೆ ಎಂದು. ಈ ಟ್ಯಾಬ್ಲೆಟ್‌ಗಳು ಹೇಳುತ್ತಿದ್ದ ಪರಿಚಯ ತಪ್ಪಾಗಿರುತ್ತಿತ್ತು. ಅವುಗಳ ವಿಂಡೋಸ್ ಡ್ರೈವರಿಗೆ ನಿಜ ಗೊತ್ತಿದ್ದದ್ದರಿಂದ ತಯಾರಕರು ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಡಿಜಿಮೆಂಡ್ ವಿಂಡೋಸ್ ಡ್ರೈವರಿಗೂ ಟ್ಯಾಬ್ಲೆಟ್ಟಿಗೂ ನಡುವೆ ತಂತಿಯಲ್ಲಿ ಓಡುವ ಮಾತನ್ನು ದಾಖಲಿಸಿ ಓದಿತು. ಆಗ ಒಂದು ವಿಚಿತ್ರ ಬಯಲಾಯಿತು. ಸಾಧನಕ್ಕೆ 'ನಿನ್ನ ನೂರನೆಯ ಪದಸರಣಿ ಕೊಡು' ಎಂದು ಕೇಳಿದರೆ ಅದು ತನ್ನ ನಿಜವಾದ ಅಳತೆ, ಒತ್ತಡದ ಮಿತಿ ಎಲ್ಲವನ್ನೂ ಹೇಳಿ ಸರಿಯಾದ ಟ್ಯಾಬ್ಲೆಟ್ ಆಗಿ ವರ್ತಿಸತೊಡಗುತ್ತಿತ್ತು. ನಂತರದ ಮಾದರಿಗಳಲ್ಲಿ ಆ ಪ್ರಶ್ನೆಯ ಸಂಖ್ಯೆ ಇನ್ನೂರು.

ಇನ್ನೊಂದು ತೊಡಕು ಗುರುತಿನದು. ಪ್ರತಿ ಯುಎಸ್‌ಬಿ ಸಾಧನಕ್ಕೂ ತಯಾರಕರ ಮತ್ತು ಮಾದರಿಯ ಎರಡು ಸಂಖ್ಯೆಗಳಿರುತ್ತವೆ. ಹುಯಿಯಾನಿನ ತಯಾರಕ ಸಂಖ್ಯೆ 256ಸಿ. ಆದರೆ ಅದರ ಬೇರೆ ಬೇರೆ ಮಾದರಿಗಳೆಲ್ಲ ಒಂದೇ ಮಾದರಿ ಸಂಖ್ಯೆ ಹೇಳುತ್ತಿದ್ದವು. ಒಂದೇ ಹೆಸರಿನ ಹತ್ತು ಮಂದಿ ಇರುವ ತರಗತಿಯಲ್ಲಿ ಹಾಜರಿ ಕರೆದಂತೆ. ಯಾವುದು ಯಾವುದೆಂದು ತಿಳಿಯಲು ಒಳಗಿನ ಫರ್ಮ್‌ವೇರಿನ ಹೆಸರನ್ನೇ ಕೇಳಬೇಕಾಯಿತು. ತಮ್ಮ ಬಳಿ ಇರುವ ಟ್ಯಾಬ್ಲೆಟ್ ಏನು ಹೇಳುತ್ತದೆಂದು ಹಲವು ದೇಶಗಳ ಬಳಕೆದಾರರು ದಾಖಲಿಸಿ ಕಳಿಸಿದ್ದರಿಂದಲೇ ಈ ಪಟ್ಟಿ ಬೆಳೆಯಿತು.

ಡಿಜಿಮೆಂಡ್ ಮಾಡಿದ ಮುಖ್ಯ ಕೆಲಸ, ಹೀಗೆ ತಿಳಿದದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಲಿನಕ್ಸ್ ಕರ್ನೆಲಿಗೇ ಒಪ್ಪಿಸಿದ್ದು. 2010ರ ದಶಕದುದ್ದಕ್ಕೂ ಈ ಕೋಡು ಕಂತುಕಂತಾಗಿ ಕರ್ನೆಲ್ ಸೇರಿತು. ಅದೇ ಹೊತ್ತಿಗೆ ಪೀಟರ್ ಹಟರರ್ ಮತ್ತಿತರರು ಲಿಬ್‌ಇನ್‌ಪುಟ್, ಲಿಬ್‌ವೇಕಮ್ ಎಂಬ ಭಾಗಗಳನ್ನು ಬೆಳೆಸಿದರು. ಲಿಬ್‌ವೇಕಮ್ ಎಂದರೆ ಟ್ಯಾಬ್ಲೆಟ್‌ಗಳ ಒಂದು ಪಟ್ಟಿ. ಒಂದೊಂದು ಮಾದರಿಗೂ ಸರಳ ಪಠ್ಯದ ಒಂದು ಕಡತ. ಯಾರು ಬೇಕಾದರೂ ಓದಬಹುದು, ತಮ್ಮ ಮಾದರಿಯನ್ನು ಸೇರಿಸಲು ಕಳಿಸಬಹುದು.

ಬರೆಯಲು ಕಾಗದವೂ ಬೇಕಲ್ಲ. ಅದನ್ನು ಕೊಟ್ಟ ತಂತ್ರಾಂಶಗಳಲ್ಲಿ ಮುಖ್ಯವಾದದ್ದು ಕ್ರಿತಾ. ಕನ್ನಡದ ಕಿವಿಗೆ 'ಕೃತ' ಎಂದು ಕೇಳಿದರೂ ಸ್ವೀಡಿಷ್ ಭಾಷೆಯಲ್ಲಿ ಅದರ ಅರ್ಥ ಬಳಪ. ಮನೆಯ ಪಾಠಕ್ಕೆ ಅಷ್ಟು ದೊಡ್ಡ ಸಾಧನ ಬೇಡವೆಂದವರಿಗೆ ಸಾಲು ಹಾಳೆಯಲ್ಲಿ ಟಿಪ್ಪಣಿ ಬರೆಯುವ ಎಕ್ಸ್‌ಜರ್ನಲ್‌ಪಿಪಿ ಇತ್ತು.

ಚುಚ್ಚಿದ ಮೇಲೆ

ಇಂದು ಲಿನಕ್ಸಿನಲ್ಲಿ ಟ್ಯಾಬ್ಲೆಟ್ ಚುಚ್ಚಿ ಗೆರೆಯ ದಪ್ಪ ಬದಲಾಗದಿದ್ದರೆ ಹುಡುಕಾಟ ಈ ಇತಿಹಾಸದ ಮೆಟ್ಟಿಲುಗಳಲ್ಲೇ ಇಳಿಯುತ್ತದೆ. ಮೊದಲು ಎಲ್‌ಎಸ್‌ಯುಎಸ್‌ಬಿ ಆದೇಶದಿಂದ ಸಾಧನದ ಎರಡು ಸಂಖ್ಯೆಗಳು. ಅವೇ ಕಾಣದಿದ್ದರೆ ತಪ್ಪು ತಂತಿಯದು. ಕಂಡರೆ ಕರ್ನೆಲಿಗೆ ಆ ಸಂಖ್ಯೆ ಗೊತ್ತೇ ಎಂಬುದು ಎರಡನೆಯ ಪ್ರಶ್ನೆ. ಎಷ್ಟೋ ಸಲ ಹೊಸ ಕರ್ನೆಲ್ ಹಾಕಿಕೊಂಡರೆ ಸಾಕು. ಇಲ್ಲದಿದ್ದರೆ ಡಿಜಿಮೆಂಡಿನ ಹೊರಗಿನ ಪ್ಯಾಕೇಜ್, ಅಥವಾ ಓಪನ್‌ಟ್ಯಾಬ್ಲೆಟ್‌ಡ್ರೈವರ್. ಈ ಕೊನೆಯದು ಕರ್ನೆಲಿನ ಡ್ರೈವರ್ ಜತೆ ಒಂದೇ ಹಲಗೆಗೆ ಕೈಹಾಕಿದರೆ ಜಗಳವಾಗುತ್ತದೆ. ಒಂದನ್ನು ನಿಲ್ಲಿಸಿಯೇ ಇನ್ನೊಂದನ್ನು ಬಳಸಬೇಕು. ಮೂರನೆಯದು ಚಿತ್ರ ಬರೆಯುವ ತಂತ್ರಾಂಶದ ಸೆಟ್ಟಿಂಗ್: ಕುಂಚಕ್ಕೆ ಒತ್ತಡವನ್ನು ಜೋಡಿಸಿದೆಯೇ ಎಂದು ನೋಡುವುದು. ಹಳೆಯ ಎಕ್ಸ್ ಪರದೆಗೆ ಬರೆದ ಸಲಹೆಗಳು ಹೊಸ ವೇಲ್ಯಾಂಡ್ ಪರದೆಯಲ್ಲಿ ಫಲಿಸುವುದಿಲ್ಲ. ಅಲ್ಲಿ ಡೆಸ್ಕ್‌ಟಾಪಿನ ಸೆಟ್ಟಿಂಗ್ ಪುಟದಲ್ಲೇ ಹೊಂದಿಸಬೇಕು. 2023ರಿಂದ ಕರ್ನೆಲಿನಲ್ಲಿ ಇರುವ ಎಚ್‌ಐಡಿ-ಬಿಪಿಎಫ್ ಎಂಬ ಏರ್ಪಾಡಿನಿಂದ, ಸಾಧನ ಹೇಳುವ ತಪ್ಪು ಪರಿಚಯವನ್ನು ಇಡೀ ಕರ್ನೆಲ್ ಬದಲಿಸದೆಯೇ ಒಂದು ಪುಟ್ಟ ಪ್ರೋಗ್ರಾಮಿನಿಂದ ತಿದ್ದಬಹುದು.

ಈ ಸಾಲಿನಲ್ಲಿ ಎಲ್ಲಿಯೂ ಹೊಸ ಆವಿಷ್ಕಾರವೆನ್ನುವಂಥದ್ದಿಲ್ಲ. ಇನ್ನೊಬ್ಬರು ಮಾಡಿ ಅರ್ಧಕ್ಕೆ ಬಿಟ್ಟ ಸಾಧನವನ್ನು ಕೂತು ಅರ್ಥಮಾಡಿಕೊಂಡು, ತಿಳಿದದ್ದನ್ನು ಎಲ್ಲರ ಮುಂದೆ ಇಟ್ಟವರ ಕೆಲಸ ಇದು. ಕೆ.ಪಿ. ರಾವ್ ಕೀಲಿಮಣೆಯನ್ನು ಬಿಟ್ಟುಕೊಟ್ಟ ರೀತಿಗೆ ಇದು ಹತ್ತಿರ. ಸಿಂಪ್ಯೂಟರ್ ಮತ್ತು ಎಕ್ಸ್‌ಒ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: ಬರೆಯುವ ಕೈಯನ್ನು ಕಂಪ್ಯೂಟರ್ ಯಾಕೆ ಗುರುತಿಸಬಾರದು? ಅವರ ಉತ್ತರ ಒಂದೊಂದು ಯಂತ್ರದೊಳಗೆ ಸಿಕ್ಕಿಹಾಕಿಕೊಂಡಿತು. ಡಿಜಿಮೆಂಡಿನ ಉತ್ತರ ಯಾರದೋ ಹಳೆಯ ಲ್ಯಾಪ್‌ಟಾಪಿನಲ್ಲಿ, ಯಾವುದೋ ಅಗ್ಗದ ಹಲಗೆಯ ಜತೆ, ಯಾರ ಅಪ್ಪಣೆಯೂ ಇಲ್ಲದೆ ಕೆಲಸ ಮಾಡುತ್ತದೆ.

ರೈಲುಗಳು ಮತ್ತೆ ಓಡುತ್ತಿವೆ, ಶಾಲೆಗಳು ತೆರೆದಿವೆ, ಕರಿಹಲಗೆ ತನ್ನ ಜಾಗಕ್ಕೆ ಮರಳಿದೆ. ಆ ವರ್ಷ ಮನೆಗೆ ಬಂದ ಟ್ಯಾಬ್ಲೆಟ್‌ಗಳಲ್ಲಿ ಹಲವು ಈಗ ಕಪಾಟಿನಲ್ಲಿರಬಹುದು. ತೆಗೆದು ಧೂಳು ಒರೆಸಿ ಚುಚ್ಚಿ ನೋಡಬಹುದು. ಅಂದು ಗೆರೆ ಒಂದೇ ದಪ್ಪ ಇದ್ದದ್ದು ಇಂದು ಕೈಯ ಒತ್ತಿಗೆ ತಕ್ಕಂತೆ ಹಿಗ್ಗಿ ಕುಗ್ಗಿದರೆ, ಹಲಗೆ ಬದಲಾಗಿಲ್ಲ. ನಡುವಿನ ವರ್ಷಗಳಲ್ಲಿ ಯಾರೋ ಅದಕ್ಕೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಕಂಡುಹಿಡಿದು ಬರೆದಿಟ್ಟಿದ್ದಾರೆ.